ಅಫ್ಡೇರಾ: ಡನಾಕಿಲ್ ಟೂರ್‌ನವರು ಬರೀ ಊಟಕ್ಕೆ ನಿಲ್ಸೋ ಊರು

ಇಥಿಯೋಪಿಯಾದಲ್ಲಿ ಡನಾಕಿಲ್ ಅಂತ ಒಂದು ಸುಡೋ ತಗ್ಗು ಪ್ರದೇಶ ಇದೆ, ನಾವು ಹೋಗಿ ಬಂದ ಆ ಟೂರ್ ಹೇಗಿತ್ತು, ಅಷ್ಟು ದುಡ್ಡು ಕೊಡಬಹುದಾ ಅಂತ ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಇನ್ನೂ ಕೇಳ್ತಾನೇ ಇದಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದೇ ಹಾಕ್ತಿದೀನಿ. ಟೂರ್ ಕಂಪನಿಗೆ ಐದಕ್ಕೆ ಎರಡೂವರೆ. ಅಫ್ಡೇರಾ ಅನ್ನೋ ಊರಿಗೆ ನಾಲ್ಕೂವರೆ. ಕಂಪನಿ ಹೆಸರು ಬರಿಯಲ್ಲ, ಬೇರೆ ಕಂಪನಿಯವರ ಗಾಡಿಯಲ್ಲಿ ಬಂದವರ ಗೋಳೂ ಹೆಚ್ಚುಕಮ್ಮಿ ಇದೇ ಆಗಿತ್ತು.

ಜಾಗ ಯಾವುದು ಅಂದ್ರೆ ಇಥಿಯೋಪಿಯಾದ ಈಶಾನ್ಯಕ್ಕಿರೋ ಅಫಾರ್ ಪ್ರಾಂತ್ಯ. ನಮ್ಮ ಭಾವ ಆ ದೇಶದಲ್ಲಿ ಕಾಲೇಜಲ್ಲಿ ಪಾಠ ಮಾಡ್ತಾರೆ, ಅವರ ಧೈರ್ಯದ ಮೇಲೆ 2025ರ ಜನವರಿಯಲ್ಲಿ ಹೊರಟಿದ್ದು. ಮುಂಬೈನಿಂದ ಅಡಿಸ್ ಅಬಾಬ, ಅಲ್ಲಿಂದ ಸಣ್ಣ ಫ್ಲೈಟಲ್ಲಿ ಸೆಮೆರಾ, ಆಮೇಲೆ ಲ್ಯಾಂಡ್ ಕ್ರೂಸರ್. ಮೊದಲೆಲ್ಲ ಪಕ್ಕದ ಟಿಗ್ರೇ ಪ್ರಾಂತ್ಯದ ಮೆಕೆಲೆ ಕಡೆಯಿಂದ ಇಳೀತಿದ್ರಂತೆ, 2020ರಿಂದ 22ರ ತನಕ ಟಿಗ್ರೇ ಯುದ್ಧ ಆಯ್ತಲ್ಲ, ಆ ಮೇಲೆ ಸೆಮೆರಾ ಕಡೆಯಿಂದ ಹೋಗೋರು ಜಾಸ್ತಿ. ನಮ್ಮವರಿಗೆ ಒಂದೇ ತಾಪತ್ರಯ ಏನಂದ್ರೆ ಅಲ್ಲಿ ಓಡಾಡೋಕೆ ಆಗೋದು ನವೆಂಬರ್‌ನಿಂದ ಫೆಬ್ರವರಿ ತನಕ, ಸರಿಯಾಗಿ ನಮ್ಮ ಕಾಫಿ ಕೊಯ್ಲಿನ ಟೈಮು. ಅರೇಬಿಕಾ ಮುಗಿಸಿ ರೋಬಸ್ಟಾ ಹಣ್ಣಾಗೋ ಮಧ್ಯೆ ಒಂಚೂರು ಸಂದು ಸಿಗುತ್ತೆ, ತೋಟ ನೋಡ್ಕೊಳ್ಳೋಕೆ ಮನೇಲಿ ಯಾರಾದ್ರೂ ಇದ್ರೆ ಮಾತ್ರ ಹೋಗಿ.

ಟೂರ್‌ನವರು ಮಾರೋದು ಎರಡು ಐಟಂ. ಒಂದು ಎರ್ಟಾ ಆಲೆ ಅನ್ನೋ ಜ್ವಾಲಾಮುಖಿ, ಇನ್ನೊಂದು ಡಲ್ಲೋಲ್, ಅಂದ್ರೆ ಹಳದಿ ಹಸಿರು ಆಸಿಡ್ ಗುಂಡಿಗಳು, ಸಮುದ್ರ ಮಟ್ಟಕ್ಕಿಂತ ನೂರು ಮೀಟರಿಗೂ ಕೆಳಗೆ. ಡಲ್ಲೋಲ್ ಬಗ್ಗೆ ಚಕಾರ ಎತ್ತೋ ಹಾಗಿಲ್ಲ, ಫೋಟೋದಲ್ಲಿ ಹೇಗಿದೆಯೋ ಹಾಗೇ ಇದೆ. 1960ರ ದಶಕದಲ್ಲಿ ಅಲ್ಲಿ ಅಳೆದ ವರ್ಷದ ಸರಾಸರಿ ಉಷ್ಣಾಂಶ 34 ಡಿಗ್ರಿ ದಾಟಿತ್ತು, ಸರಾಸರಿ ಅಂದ್ರೆ ಚಳಿಗಾಲದ ರಾತ್ರಿನೂ ಸೇರಿಸಿ ಮಾರಾಯ್ರೆ. ಆಗಸ್ಟಲ್ಲಿ ಒಲೆ ಮೇಲೆ ಬಟ್ಟೆ ನೇತಾಕಿ ಒಣಗಿಸೋ ನಮಗೆ ಅಲ್ಲಿ ಒಗೆದ ಶರ್ಟು ಹಲ್ಲುಜ್ಜಿ ಬರೋದ್ರೊಳಗೆ ಗರಿಗರಿ ಆಗೋದು ನೋಡಿ ತಲೆ ಕೆಟ್ಟೋಯ್ತು. ಎರ್ಟಾ ಆಲೆಯಲ್ಲಿ ಬರೀ ಹೊಗೆ, ನಡುನಡುವೆ ಸ್ವಲ್ಪ ಕೆಂಪು. ಅದು ಬೆಟ್ಟದ ತಪ್ಪಲ್ಲ ಬಿಡಿ, ಬ್ರೋಷರ್‌ನಲ್ಲಿ ಕುದಿಯೋ ಲಾವಾ ಕೆರೆ ಹಾಕಿ ದುಡ್ಡು ತಗೊಂಡವರ ತಪ್ಪು.

ಇವಕ್ಕೆ ಹೋಗೋ ದಾರಿಯಲ್ಲಿ ಅಫ್ಡೇರಾ ಅಂತ ಒಂದು ಊರು ಬರುತ್ತೆ, ಪ್ಲಾನ್‌ನಲ್ಲಿ ಅದಕ್ಕೆ "ಊಟ" ಅಂತ ಒಂದು ಸಾಲು ಅಷ್ಟೇ. ಭಾವ ಡ್ರೈವರ್ ಹತ್ರ ಗಲಾಟೆ ಮಾಡಿ, ಎಕ್ಸ್‌ಟ್ರಾ ಕೊಟ್ಟು, ರಾತ್ರಿ ಅಲ್ಲೇ ಉಳಿಯೋ ಹಾಗೆ ಮಾಡಿದ್ರು. ಇಡೀ ಟ್ರಿಪ್ಪಲ್ಲಿ ಆ ದುಡ್ಡು ಒಂದಕ್ಕೆ ನನಗೆ ಬೇಜಾರಿಲ್ಲ.

ಊರು ಅಂದ್ರೆ ಒಂದು ಉದ್ದ ರೋಡು, ತಗಡು ಶೀಟಿನ ಅಂಗಡಿಗಳು, ಉಪ್ಪಿನ ಲಾರಿಗಳು, ಕಪ್ಪು ಲಾವಾ ಕಲ್ಲು, ಎಲ್ಲೆಲ್ಲೂ ಆಡು. ಊರಾಚೆ ಅಫಾರ್ ಜನರ ಮನೆ, ಕೋಲು ಬಗ್ಗಿಸಿ ಮೇಲೆ ಚಾಪೆ ಹೊದಿಸಿದ್ದು, ಬೇಕು ಅಂದಾಗ ಬಿಚ್ಚಿ ಒಂಟೆ ಮೇಲೆ ಹಾಕ್ಕೊಂಡು ಹೋಗ್ತಾರೆ. ರೂಮು ಅಂತ ಕೊಟ್ಟಿದ್ದು ತಗಡಿನ ಗೂಡು, ಒಳಗೆ ಮಲಗೋಕೆ ಸಾಧ್ಯಾನೇ ಇಲ್ಲ, ಎಲ್ಲಾರೂ ಹಗ್ಗದ ಮಂಚ ಅಂಗಳಕ್ಕೆ ಎಳ್ಕೊಂಡು ಮಲಗಿದ್ವಿ. ಸ್ನಾನಕ್ಕೆ ಒಂದು ಡ್ರಮ್ ಉಪ್ಪುಪ್ಪು ನೀರು, ಒಂದು ಮಗ್. ವಾಟ್ಸಾಪಲ್ಲಿ ಕಳಿಸಿದ್ದ ಹೋಟೆಲ್ ಫೋಟೋ ಯಾವ ಊರಿಂದೋ ದೇವರಿಗೇ ಗೊತ್ತು.

ಆದ್ರೆ ಸಂಜೆ ಕೆರೆ ಕಡೆ ಹೋಗಿ. ಕೆರೆ ಹೆಸರೂ ಅಫ್ಡೇರಾನೇ, ಕೆಲವರು ಅಫ್ರೇರಾ ಅಂತಾರೆ, ಅದೂ ಸಮುದ್ರ ಮಟ್ಟಕ್ಕಿಂತ ನೂರು ಮೀಟರ್ ಕೆಳಗೆ, ಮಧ್ಯೆ ಒಂದು ದ್ವೀಪ ಇದೆ, ಲೋಕದಲ್ಲೇ ಅತಿ ತಗ್ಗಲ್ಲಿರೋ ದ್ವೀಪ ಅಂತಾರೆ. ದಡದಲ್ಲಿ ಬಿಸಿನೀರಿನ ಬುಗ್ಗೆ, ಎಲ್ಲೂ ಇಲ್ಲದ ಒಂದೆರಡು ಜಾತಿ ಸಣ್ಣ ಮೀನು ಈ ಕೆರೆಯಲ್ಲಿ ಮಾತ್ರ ಇದಾವೆ. ಆ ಕೆರೆ ನೀರನ್ನೇ ಡೀಸೆಲ್ ಪಂಪಲ್ಲಿ ಎತ್ತಿ ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಕೆರೆದು ಗುಡ್ಡೆ ಹಾಕಿ ಮೂಟೆ ಕಟ್ಟೋದು. ನೋಡಿದ ತಕ್ಷಣ ಡಿಸೆಂಬರಲ್ಲಿ ನಮ್ಮ ಕಣದ ತುಂಬ ಕಾಫಿ ಹರಡಿ ಎಳೀತಾರಲ್ಲ ಅದೇ ನೆನಪಾಯ್ತು, ಬಣ್ಣ ಮಾತ್ರ ಬಿಳಿ, ಮಳೆ ಬರುತ್ತೆ ಅಂತ ಟಾರ್ಪಲ್ ಹಿಡ್ಕೊಂಡು ಓಡೋ ಗೋಜಿಲ್ಲ. ಕೆಲಸದವರು ತುಂಬಾ ಜನ ಮೇಲಿನ ಬೆಟ್ಟದ ಸೀಮೆಯಿಂದ ಬಂದವರು, ಕಾಲಿಗೆ ಸರಿಯಾದ ಬೂಟಿಲ್ಲ, ಹಿಮ್ಮಡಿ ನೋಡೋಕಾಗಲ್ಲ. ಉತ್ತರಕ್ಕೆ ಡಲ್ಲೋಲ್ ಹತ್ರ ಇದಕ್ಕಿಂತ ಹಳೇ ಪದ್ಧತಿ, ನೆಲದ ಉಪ್ಪನ್ನ ಕೊಡಲೀಲಿ ಕಡಿದು ಹಲಗೆ ಥರ ಕೆತ್ತಿ ಒಂಟೆಗೆ ಹೇರೋದು, ಇಥಿಯೋಪಿಯಾದಲ್ಲಿ ಒಂದು ಕಾಲಕ್ಕೆ ಆ ಉಪ್ಪಿನ ಗಟ್ಟಿನೇ ದುಡ್ಡಿನ ಹಾಗೆ ನಡೀತಿತ್ತು. ಟೂರಿಸ್ಟ್‌ಗಳು ಅದರ ಫೋಟೋ ತೆಗೀತಾರೆ, ಅಫ್ಡೇರಾ ಮಡಿ ಕಡೆ ಯಾರೂ ತಿರುಗಿ ನೋಡಲ್ಲ.

ಇನ್ನು ಕಾಫಿ. ರೋಡ್ ಪಕ್ಕ ತಗಡಿನ ನೆರಳಲ್ಲಿ ಒಬ್ಬ ಅಕ್ಕ, ಅವರೂ ಬೆಟ್ಟದ ಸೀಮೆಯವರೇ, ಇದ್ದಿಲ ಒಲೆ ಮುಂದೆ ಮೋಟು ಸ್ಟೂಲ್ ಹಾಕ್ಕೊಂಡು ಕೂತಿದ್ರು. ಇವನಿಗೆ ಊರಲ್ಲಿ ಕಾಫಿ ತೋಟ ಇದೆ ಅಂತ ಭಾವ ಹೇಳಿದ್ದೇ ತಡ, ಹಸಿ ಬೀಜ ಒಂದು ಬೊಗಸೆ ತಂದು ನನ್ನ ಕೈಗೆ ಸುರಿದ್ರು. ಹಣ್ಣನ್ನೇ ಒಣಗಿಸಿ ಸುಲಿದ ಚೆರ್ರಿ, ಸೈಜಿಗೊಂದು ಲೆಕ್ಕ ಇಲ್ಲ, ಬ್ಲ್ಯಾಕ್ಸ್ ಬಿಟ್ಸ್, ಅಂದ್ರೆ ಕಪ್ಪು ಬೀಜ ಒಡೆದ ಚೂರು, ಎಲ್ಲಾ ಸೇರಿದೆ, ನಮ್ಮಲ್ಲಿ ಔಟ್‌ಟರ್ನ್, ಅಂದ್ರೆ ಮೂಟೆಗೆ ಎಷ್ಟು ಒಳ್ಳೇ ಬೀಜ ಸಿಗುತ್ತೆ ಅಂತ, ನೋಡೋರು ಮುಖ ಸಿಂಡರಿಸಿ ರೇಟ್ ಇಳಿಸ್ತಿದ್ರು. ಆ ಅಕ್ಕ ನನ್ನ ಕಣ್ಣೆದುರೇ ಕಪ್ಪು ಬೀಜ ಒಂದೊಂದೇ ಆರಿಸಿ ಎಸೆದು, ತೊಳೆದು, ತಟ್ಟೆಯಂಥ ಬಾಣಲೇಲಿ ಹುರಿದು, ಹೊಗೆ ಏಳೋವಾಗ ಎಲ್ಲಾರ ಮೂಗಿನ ಹತ್ರ ತಂದು ತೋರಿಸಿ, ಒರಳಲ್ಲಿ ಕುಟ್ಟಿ ಜೆಬೆನಾ ಅನ್ನೋ ಕರಿ ಮಣ್ಣಿನ ಹೂಜಿಗೆ ಹಾಕಿದ್ರು. ಹಿಡಿ ಇಲ್ಲದ ಪುಟ್ಟ ಬಟ್ಟಲು, ಹಾಲಿಲ್ಲ, ಚಿಕೋರಿಯ ಸುದ್ದಿನೇ ಇಲ್ಲ, ಜೊತೆಗೆ ಸಾಂಬ್ರಾಣಿ ಹೊಗೆ. ಮೂರು ಸುತ್ತು ಕುಡೀಬೇಕು, ಅಬೋಲ್, ತೋನಾ, ಬರಕಾ, ಒಂದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸೋದ್ರಿಂದ ಮೂರನೇದು ತೆಳ್ಳಗೆ, ಆದ್ರೆ ಅದಕ್ಕೆ ಮೊದಲು ಎದ್ದು ಹೋದ್ರೆ ಬೇಜಾರು ಮಾಡ್ಕೋತಾರೆ. ಅವರ ದೇಶದಲ್ಲಿ ಬೆಳೆಯೋ ಕಾಫಿ ಹತ್ತಿರ ಹತ್ತಿರ ಅರ್ಧ ಅವರೇ ಕುಡೀತಾರೆ. ನಾವು ಒಳ್ಳೇ ಕಾಯೆಲ್ಲಾ ಎಕ್ಸ್‌ಪೋರ್ಟಿಗೆ ಕೊಟ್ಟು ಉಳಿದಿದ್ದನ್ನ ಮನೆಗೆ ಇಟ್ಕೊಳ್ಳೋರು, ಏನು ಮಾತಾಡೋದು.

ಊಟ ಪರವಾಗಿಲ್ಲ. ಇಂಜೆರಾ ಹುಳಿ ದೋಸೆ ಥರ, ಒಂದೆರಡು ಹೊತ್ತಿಗೆ ನಾಲಿಗೆ ಒಗ್ಗುತ್ತೆ, ಶಿರೋ ಅಂತ ಕಡಲೆಹಿಟ್ಟಿನ ಸಾರು ಚೆನ್ನಾಗಿರುತ್ತೆ, ಆಡಿನ ಮಾಂಸ ಸೂಪರ್. ಬುಧವಾರ ಶುಕ್ರವಾರ ಅಲ್ಲಿನ ಕ್ರಿಶ್ಚಿಯನ್ನರ ಹೋಟೆಲಲ್ಲಿ ಉಪವಾಸದ ಊಟ, ವೆಜ್‌ನವರಿಗೆ ಅನುಕೂಲ. ಪಂದಿ ಕರಿ ಆಸೆ ಮಾತ್ರ ವಿರಾಜಪೇಟೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಮುಸ್ಲಿಮರೂ ತಿನ್ನಲ್ಲ, ಆರ್ಥೊಡಾಕ್ಸ್ ಕ್ರಿಶ್ಚಿಯನ್ನರೂ ತಿನ್ನಲ್ಲ.

ಕಂಪನಿಗೆ ಮಾರ್ಕ್ಸ್ ಯಾಕೆ ಕಟ್ ಮಾಡಿದೆ ಅಂತಾನೂ ಹೇಳ್ಬೇಕು. ಬಂದೂಕಿನ ಎಸ್ಕಾರ್ಟ್ ಇಲ್ದೆ ಆ ಕಡೆ ಬಿಡಲ್ಲ, 2012ರಲ್ಲಿ ಎರ್ಟಾ ಆಲೆ ಹತ್ರ ಐದು ಜನ ಟೂರಿಸ್ಟ್‌ಗಳನ್ನ ಕೊಂದಿದ್ರು, ಹಾಗಾಗಿ ಎಸ್ಕಾರ್ಟ್ ಬೇಡ ಅಂತ ಯಾರೂ ಹೇಳಲ್ಲ, ಆದ್ರೆ ಆ ಫೀಸು ಪ್ಯಾಕೇಜಲ್ಲಿದೆ ಅಂತ ಹೇಳಿ ಸೆಮೆರಾದಲ್ಲಿ ಮತ್ತೆ ಕೈ ಚಾಚಿದ್ರು. ಕುಡಿಯೋ ನೀರು ಎಷ್ಟು ಬೇಕಾದ್ರೂ ಅಂದಿದ್ರು, ಕೊಟ್ಟಿದ್ದು ಎಣಿಸಿ ಎಣಿಸಿ. ಟೈಮ್ ವಿಷಯದಲ್ಲಿ ಮಾತ್ರ ಅವರನ್ನ ಬೈಯೋ ಹಾಗಿಲ್ಲ. ಡ್ರೈವರ್ "ನಾಳೆ ಹನ್ನೊಂದಕ್ಕೆ ಹೊರಡೋದು" ಅಂದ, ನಾನು ಆರಾಮಾಗಿ ಏಳೋಣ ಅಂತ ಖುಷಿಯಾದ್ರೆ ಭಾವ "ಲೋ, ಅವರ ಹನ್ನೊಂದು ಅಂದ್ರೆ ನಮ್ಮ ಬೆಳಗಿನ ಜಾವ ಐದು, ಮಲ್ಕೋ ಬೇಗ" ಅಂದ್ರು. ಅವರ ಗಡಿಯಾರ ನಮ್ಮದಕ್ಕಿಂತ ಆರು ಗಂಟೆ ವ್ಯತ್ಯಾಸದಲ್ಲಿ ಎಣಿಸೋದು, ಕ್ಯಾಲೆಂಡರಲ್ಲಿ ಹದಿಮೂರು ತಿಂಗಳು, ಬುಕಿಂಗ್ ಮಾಡೋವಾಗ ಯಾವ ಲೆಕ್ಕದ ಟೈಮು ಅಂತ ಬರೆಸ್ಕೊಳ್ಳಿ.

ಈಗ ಹೋಗೋರಿಗೆ ಇನ್ನೊಂದು ವಿಷಯ. ನಾವು ಬಂದ ಮೇಲೆ, 2025ರ ನವೆಂಬರ್ 23ಕ್ಕೆ, ಎರ್ಟಾ ಆಲೆ ಪಕ್ಕದ ಹೈಲಿ ಗುಬ್ಬಿ ಅನ್ನೋ ಜ್ವಾಲಾಮುಖಿ ಸಿಡೀತು, ದೆಹಲಿ ಮೇಲೆಲ್ಲ ಬೂದಿ ಬಂದು ಫ್ಲೈಟ್ ಕ್ಯಾನ್ಸಲ್ ಆಯ್ತಲ್ಲ, ಅದೇ. ಅಫ್ಡೇರಾ ಪೂರ್ತಿ ಬೂದಿ ಮುಚ್ಚಿ ಆಡು ಒಂಟೆಗಳಿಗೆ ಮೇವಿಲ್ಲ ಅಂತ ನ್ಯೂಸಲ್ಲಿ ಬಂತು. ಆ ಕಾಫಿ ಅಂಗಡಿ ಏನಾಯ್ತು ಅಂತ ಕೇಳೋಕೆ ಭಾವನ ಕೈಲಿ ಡ್ರೈವರ್‌ಗೆ ಫೋನ್ ಮಾಡಿಸಿದೆ, ಅವನು ಎತ್ತಲಿಲ್ಲ. ದುಡ್ಡು ಕಟ್ಟೋ ಮುಂಚೆ ದಾರಿ ತೆರೆದಿದೆಯಾ ಕೇಳಿ, ನಮ್ಮ ವಿದೇಶಾಂಗ ಇಲಾಖೆ ಏನು ಹೇಳಿದೆ ನೋಡಿ, ಅಫ್ಡೇರಾದಲ್ಲಿ ಒಂದು ರಾತ್ರಿ ಪ್ಲಾನಲ್ಲೇ ಸೇರಿಸೋಕೆ ಹೇಳಿ. ಯೆಲ್ಲೋ ಫೀವರ್ ಇಂಜೆಕ್ಷನ್ ಹೊರಡೋಕೆ ಹತ್ತು ದಿನ ಮುಂಚೆನೇ ಹಾಕಿಸ್ಕೊಂಡು ಆ ಹಳದಿ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇಡಿ, ಅದಿಲ್ದೆ ವಾಪಸ್ ಬಂದ್ರೆ ಏರ್‌ಪೋರ್ಟಲ್ಲೇ ಹಿಡಿದು ಕ್ವಾರಂಟೈನ್‌ಗೆ ಹಾಕ್ತಾರೆ, ಅಷ್ಟು ಹೊತ್ತಿಗೆ ಇಲ್ಲಿ ರೋಬಸ್ಟಾ ಹಣ್ಣಾಗಿ ಉದುರೋಕೆ ಶುರು ಆಗಿರುತ್ತೆ.