ಮನೆಯಲ್ಲೇ ಪ್ರೊಜೆಕ್ಷನ್ ಟೀವಿ ಕಟ್ಟೋರು ಮೊದಲು ಬಲ್ಬಿನ ಗಾಜು ನೋಡಿ

ಹಳೇ 15 ಇಂಚಿನ ಎಲ್‌ಸಿಡಿ ಮಾನಿಟರ್ ಬಿಚ್ಚಿ, ಹಿಂದೆ ದೊಡ್ಡ ಬಲ್ಬು, ಮುಂದೆ ಲೆನ್ಸು, ಒಂದು ಕನ್ನಡಿ, ಕೊನೆಗೊಂದು ಪರದೆ. ಎಲ್ಲ ಒಂದು ಪ್ಲೈವುಡ್ ಪೆಟ್ಟಿಗೆಯೊಳಗೆ. 50 ಇಂಚಿನ ಟೀವಿ ರೆಡಿ. ವಿಡಿಯೋ ನೋಡಿ ನಾನೂ ಹೊರಟೆ. ಚಿತ್ರ ಬಂತು, ಸುಳ್ಳು ಹೇಳಲ್ಲ. ಆದರೆ ನಾನೂ ನನ್ನ ಅಕ್ಕನ ಮಗನೂ ಎರಡು ದಿನ ಕಣ್ಣು ಬಿಡಲಾಗದೆ ಕತ್ತಲೆ ಕೋಣೆಯಲ್ಲಿ ಬಿದ್ದಿದ್ದೆವು.

ಮಾನಿಟರಿನ ಪ್ಯಾನೆಲ್ಲು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 5 ಶೇಕಡಾ ಮಾತ್ರ ಆಚೆ ಬಿಡುತ್ತದೆ. ಹಾಗಾಗಿ ಮನೆಯ ಬಲ್ಬು ಸಾಲದು. ಗೋಡೌನು, ಆಟದ ಮೈದಾನಗಳಲ್ಲಿ ಹಾಕುವ 400 ವ್ಯಾಟಿನ ಮೆಟಲ್ ಹಾಲೈಡ್ ಬಲ್ಬು ಬೇಕು. ಗುಜರಿಯಲ್ಲಿ ಚೋಕು, ಬಲ್ಬು ಹೊತ್ತಿಸುವ ಇಗ್ನೈಟರ್ ಸಮೇತ ಸಿಕ್ಕಿತು. ಬೈಕಿನಲ್ಲಿ ತರುವಾಗ ಬಲ್ಬಿನ ಹೊರಗಿನ ಗಾಜು ಒಡೆಯಿತು. ಒಳಗೆ ಬೆರಳಿನಷ್ಟು ಪುಟ್ಟ ಕೊಳವೆ ಇರುತ್ತಲ್ಲ, ಅದು ಗಟ್ಟಿಯಾಗಿತ್ತು. ಹಚ್ಚಿದೆ, ಉರಿಯಿತು. ಗಾಜಿಲ್ಲದಿದ್ದರೆ ಬೆಳಕು ಇನ್ನೂ ಜಾಸ್ತಿ ಅಲ್ವಾ ಅಂತ ಖುಷಿಯೂ ಪಟ್ಟೆ!

ಆ ಹೊರಗಾಜು ಇರೋದೇ ಒಳಗಿನ ಕೊಳವೆಯಿಂದ ಬರುವ ಅಲ್ಟ್ರಾವಯಲೆಟ್ ಕಿರಣ ತಡೆಯೋಕೆ. ಗಾಜು ಒಡೆದರೆ ತಾನಾಗಿ ಆರಿಹೋಗುವ ಬಲ್ಬುಗಳೂ ಇವೆ. ನನ್ನದು ಅಂಥದ್ದಲ್ಲ.

ಮಿಕ್ಕ ತಪ್ಪುಗಳು ಚಿಲ್ಲರೆ. ಮುಖ ನೋಡುವ ಕನ್ನಡಿಗೆ ರಸ ಹಿಂಬದಿಗೆ ಇರುತ್ತದೆ, ಅದಕ್ಕೆ ಅಕ್ಷರಗಳೆಲ್ಲ ಎರಡೆರಡು ಕಾಣುತ್ತಿದ್ದವು. ಟ್ರೇಸಿಂಗ್ ಪೇಪರಿನ ಪರದೆಯ ನಡುವೆ ಬೆಳಕಿನ ಗುಡ್ಡೆ, ಮೂಲೆಗಳಲ್ಲಿ ಕತ್ತಲೆ. ಫ್ಯಾನು ಸಾಲದೆ ಪ್ಯಾನೆಲ್ ಕಾದಾಗ ಚಿತ್ರದ ಮಧ್ಯೆ ಕಪ್ಪು ಮಚ್ಚೆ ಮೂಡಿ ದೋಸೆಯ ಹಾಗೆ ಹರಡುತ್ತಿತ್ತು, ತಣ್ಣಗಾದರೆ ಮಾಯ. ಇದನ್ನೆಲ್ಲ ಸಹಿಸಬಹುದು.

ಒಂದು ಸಂಜೆ ಮ್ಯಾಚ್ ಇತ್ತು. ಮನೆ ತುಂಬ ಜನ. ಕರೆಂಟು ಒಂದೇ ಕ್ಷಣ ಹೋಗಿ ಬಂತು. ಈ ಬಲ್ಬು ಒಮ್ಮೆ ಆರಿದರೆ ಬಿಸಿ ಇಳಿಯುವ ತನಕ ಮತ್ತೆ ಹತ್ತುವುದಿಲ್ಲ, ಹತ್ತು ನಿಮಿಷವಾದರೂ ಬೇಕು. ಬೇಗ ತಣ್ಣಗಾಗಲಿ ಅಂತ ಪೆಟ್ಟಿಗೆಯ ಮುಚ್ಚಳ ತೆಗೆದೆ. ಬಲ್ಬು ಹತ್ತಿದ ಮೇಲೂ ಮುಚ್ಚಲಿಲ್ಲ. ಹೇಗೂ ತೆಗೆದಿದ್ದೇನಲ್ಲ, ಫೋಕಸ್ಸೂ ಸರಿ ಮಾಡಿಬಿಡೋಣ ಅಂತ ಸುಮಾರು ಇಪ್ಪತ್ತು ನಿಮಿಷ ಅಲ್ಲೇ ಬಗ್ಗಿ ನಿಂತಿದ್ದೆ. ಅಕ್ಕನ ಮಗ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದಿದ್ದ. ಬಲ್ಬಿಗೂ ನಮ್ಮ ಮುಖಕ್ಕೂ ಒಂದು ಮೊಳ ದೂರ.

ಆಗ ಏನೂ ಅನಿಸಲಿಲ್ಲ. ಮೋಸ ಇರೋದೇ ಇಲ್ಲಿ. ನಡುರಾತ್ರಿ ಹುಡುಗ ಎದ್ದು ಕೂತ. "ಮಾಮ, ಕಣ್ಣಿಗೆ ಯಾರೋ ಮರಳು ಸುರಿದ ಹಾಗಿದೆ." ನನಗೂ ಅದೇ. ನೀರು ಧಾರಾಕಾರ, ಮೊಬೈಲ್ ಬೆಳಕೂ ಚುಚ್ಚುತ್ತಿತ್ತು. ಪರದೆಯ ಮುಂದೆ ಕೂತಿದ್ದವರಿಗೆ ಏನೂ ಆಗಿರಲಿಲ್ಲ. ಅವರಿಗೆ ಬಂದದ್ದು ಲೆನ್ಸು, ಗಾಜು ಎಲ್ಲ ದಾಟಿ ಬಂದ ಬೆಳಕು.

ಬೆಳಗ್ಗೆ ಕಣ್ಣಿನ ಡಾಕ್ಟರು ಹಳದಿ ಬಣ್ಣದ ಡ್ರಾಪ್ಸ್ ಬಿಟ್ಟು, ನೀಲಿ ದೀಪ ಹಿಡಿದು ನೋಡಿದರು. ಮೊದಲ ಪ್ರಶ್ನೆ: "ವೆಲ್ಡಿಂಗ್ ಕೆಲಸ ಮಾಡ್ತೀರಾ?" ಕಪ್ಪು ಗಾಜು ಹಿಡಿಯದೆ ವೆಲ್ಡಿಂಗ್ ಮಾಡಿದವರಿಗೆ ಆಗುವುದೂ ಇದೇ. ಅಲ್ಟ್ರಾವಯಲೆಟ್ ಕಿರಣಕ್ಕೆ ಕಣ್ಣಿನ ಮೇಲ್ಪದರ ಸುಡುತ್ತದೆ, ನೋವು ಶುರುವಾಗೋದು ಕೆಲವು ಗಂಟೆ ಕಳೆದ ಮೇಲೆ. ನಮ್ಮದು ಎರಡು ದಿನದಲ್ಲಿ ವಾಸಿಯಾಯಿತು. ಅಕ್ಕ ಮಾತ್ರ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ, ತಪ್ಪೇನಿಲ್ಲ.

ಈಗಾಗಲೇ ಇಂಥದ್ದು ಕಟ್ಟಿಕೊಂಡಿದ್ದರೆ ಪ್ಲಗ್ ಕಿತ್ತು, ಬಲ್ಬು ಪೂರ್ತಿ ತಣ್ಣಗಾದ ಮೇಲೆ ಹೊರಗಾಜು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಒಳಗೆ ಪಾದರಸ ಇರುತ್ತದೆ, ಒಡೆದು ಕಸಕ್ಕೆ ಎಸೆಯಬೇಡಿ. ಪ್ಲಗ್ ಕೀಳಿ ಅಂದದ್ದು ಸುಮ್ನೆ ಅಲ್ಲ: ಹತ್ತಿಸುವ ಕ್ಷಣ ಇಗ್ನೈಟರ್ ಸಾವಿರಾರು ವೋಲ್ಟ್ ಬಿಡುತ್ತದೆ. ಮುಚ್ಚಳ ಎತ್ತಿದ ಕೂಡಲೇ ಕರೆಂಟು ಕಡಿಯುವ ಸ್ವಿಚ್ಚೊಂದನ್ನು ಹಾಕಿಸಿ. ನನ್ನ ಪೆಟ್ಟಿಗೆಯಲ್ಲಿ ಅದಿದ್ದಿದ್ದರೆ ಅವತ್ತು ಫೋಕಸ್ ಮಾತ್ರ ಮಸುಕಾಗಿರುತ್ತಿತ್ತು.