ರೂಟ್ 66ರಲ್ಲಿ 25 ಅಡಿಯ ಆರ್‌ವಿ: ಕಿಂಗ್‌ಮನ್‌ವರೆಗೆ ಸೈ, ಆಮೇಲಿನ ಘಾಟಿಗೆ ಬೇಡ

ಅಮೆರಿಕದ ಅರಿಝೋನಾದಲ್ಲಿ ಹಳೆಯ ಹೆದ್ದಾರಿ ರೂಟ್ 66 ನೋಡಲು ಬಾಡಿಗೆ ಆರ್‌ವಿ (ಹಾಸಿಗೆ, ಅಡುಗೆ, ಕಕ್ಕಸು ಎಲ್ಲ ಒಳಗೇ ಇರುವ ಮನೆಗಾಡಿ) ಹಿಡಿಯುವವರು 25 ಅಡಿಯ ‘ಕ್ಲಾಸ್ ಸಿ’ ತೆಗೆದುಕೊಳ್ಳಿ. ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಹಾಸಿಗೆ ಇರುತ್ತದಲ್ಲ, ಅದೇ. ಹೆಚ್ಚಾಗಿ ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ್ದು. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, 30 ಅಡಿಯದ್ದೇ ಇರಲಿ ಅನ್ನಿಸುವುದು ಸಹಜ. ಆದರೆ ಗಾಡಿ ಉದ್ದವಾದಷ್ಟೂ ಹಿಂಚಕ್ರದಾಚೆಗಿನ ಬಾಲವೂ ಉದ್ದ. ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಹಳದಿ ಕಂಬಕ್ಕೆ ಗೀರಿಸಿಕೊಳ್ಳುವವರೆಲ್ಲ ಹೀಗೇ ಸಿಕ್ಕಿಬೀಳುವುದು. ಹೊರಡುವಾಗ ಬಾಲ ಪೂರ್ತಿ ಕಂಬ ದಾಟುವವರೆಗೆ ನೇರ ಹೋಗಿ, ಆಮೇಲೆ ಸ್ಟೀರಿಂಗ್ ತಿರುಗಿಸಿ. ಗಾಡಿಯ ಎತ್ತರ ಸುಮಾರು 12 ಅಡಿ. ಚಾವಣಿಗೆ ಆದ ಪೆಟ್ಟನ್ನು ಎಷ್ಟೋ ಬಾಡಿಗೆ ವಿಮೆಗಳು ಭರಿಸುವುದಿಲ್ಲ, ಸಹಿ ಹಾಕುವ ಮುಂಚೆ ಓದಿಕೊಳ್ಳಿ.

ಪೂರ್ವದಿಂದ ಬರುವವರು ಆಶ್ ಫೋರ್ಕ್ ಊರು ದಾಟಿ ಹೊಸ ಹೆದ್ದಾರಿ ಐ-40ರ 139ನೇ ಎಕ್ಸಿಟ್‌ನಲ್ಲಿ ಇಳಿದರೆ ಕ್ರೂಕ್‌ಟನ್ ರೋಡ್, ಅಲ್ಲಿಂದ ಸೆಲಿಗ್‌ಮನ್. 1978ರಲ್ಲಿ ಐ-40 ಈ ಊರನ್ನು ಬದಿಗೆ ತಳ್ಳಿತು. 1985ರಲ್ಲಿ ರೂಟ್ 66 ಎಂಬ ಹೆಸರೇ ಹೆದ್ದಾರಿ ಪಟ್ಟಿಯಿಂದ ಹೋಯಿತು. ಇಲ್ಲಿನ ಕ್ಷೌರಿಕ ಏಂಜಲ್ ಡೆಲ್ಗಡಿಲ್ಲೊ ಮತ್ತು ಇತರರು 1987ರಲ್ಲಿ ಸಂಘ ಕಟ್ಟಿ ಹಳೆ ರಸ್ತೆಗೆ ‘ಐತಿಹಾಸಿಕ ರಸ್ತೆ’ ಎಂಬ ಮಾನ ತಂದುಕೊಟ್ಟರು. ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ಗೆ ಐ-40ರಲ್ಲಿ 70 ಮೈಲಿ, ಹಳೆ ರಸ್ತೆಯಲ್ಲಿ ಸುಮಾರು 87. ಆ ಹದಿನೇಳು ಮೈಲಿಗೆ ಮೋಸವಿಲ್ಲ: ಪದ್ಯದ ಒಂದೊಂದು ಸಾಲನ್ನು ಒಂದೊಂದು ಬೋರ್ಡಿಗೆ ಹಂಚಿದ ಬರ್ಮಾ-ಶೇವ್ ಎಂಬ ಶೇವಿಂಗ್ ಕ್ರೀಮಿನ ಜಾಹೀರಾತು ಫಲಕಗಳು, ಮೂಲನಿವಾಸಿ ಹುವಾಲಪೈ ಜನರ ಪೀಚ್ ಸ್ಪ್ರಿಂಗ್ಸ್, ಹಳೇ ಪಂಪು-ಕಾರುಗಳ ಹ್ಯಾಕ್‌ಬೆರಿ ಜನರಲ್ ಸ್ಟೋರ್, ಆಂಟಾರಿಸ್‌ನಲ್ಲಿ ನೆಲದಿಂದ ಎದ್ದು ನಿಂತ 14 ಅಡಿಯ ಹಸಿರು ತಲೆ. ಐ-40ರಲ್ಲಿ ಪಕ್ಕಕ್ಕೆ ಬರುವ ಪ್ರತಿ ಟ್ರಕ್ಕೂ ಈ ಡಬ್ಬಿಯನ್ನು ಅಲುಗಾಡಿಸುತ್ತದೆ. ಇಲ್ಲಿ ಆ ಕಾಟ ಕಡಿಮೆ. ಒಂದೇ ಎಚ್ಚರ: ಹೊರಹೋಗುವ ದಾರಿ ಕಾಣದ ಅಂಗಳಕ್ಕೆ ನುಗ್ಗಬೇಡಿ, ರಿವರ್ಸ್ ಬರುವುದು ಕಷ್ಟ.

ಗ್ಯಾಲನ್ನಿಗೆ 8ರಿಂದ 10 ಮೈಲಿ, ಅಷ್ಟೇ. ಟ್ಯಾಂಕ್ 55 ಗ್ಯಾಲನ್. ಜನರೇಟರ್ ಕುಡಿಯುವುದೂ ಅದೇ ಟ್ಯಾಂಕಿನಿಂದ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಜನರೇಟರ್ ತಾನೇ ನಿಲ್ಲುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ದಾರಿಯಲ್ಲಿ ಗಾಡಿ ನಿಂತುಹೋಗದಿರಲೆಂದು ಮಾಡಿದ ಏರ್ಪಾಡು. ಬೇಸಿಗೆಯಲ್ಲಿ ಮುಂದಿನ ಏಸಿಯ ಗಾಳಿ ಹಿಂದಿನ ಸೀಟಿಗೆ ಮುಟ್ಟುವುದೇ ಇಲ್ಲ. ಹಿರಿಯರು ಹಿಂದೆ ಕೂತಿದ್ದರೆ ಓಡುವಾಗಲೂ ಜನರೇಟರ್ ಹಾಕಿ ಚಾವಣಿಯ ಏಸಿ ನಡೆಸಬೇಕು. ಅದರ ಗಂಟೆಗಳಿಗೆ ಬೇರೆ ಬಾಡಿಗೆ ಇದೆಯೇ ಎಂದು ಮೊದಲೇ ಕೇಳಿ. ಗಾಡಿ ಓರೆಯಾಗಿ ನಿಂತರೆ ಗ್ಯಾಸಿನ ಫ್ರಿಜ್ ತಂಪು ಹಿಡಿಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಮೊಸರು ಹುಳಿ.

ಇನ್ನು ಯಾರೂ ಸರಿಯಾಗಿ ಹೇಳಿಕೊಡದ ಸಂಗತಿ, ಕೊಳೆನೀರಿನ ಟ್ಯಾಂಕ್. ಕ್ಯಾಂಪ್‌ಗ್ರೌಂಡಿನಲ್ಲಿ ಹೋಸ್ ಸಿಕ್ಕಿಸಿ ಕಕ್ಕಸಿನ ವಾಲ್ವ್ ತೆರೆದೇ ಬಿಟ್ಟರೆ ನೀರು ಹರಿದುಹೋಗುತ್ತದೆ, ಗಟ್ಟಿಯದ್ದು ತಳದಲ್ಲೇ ಒಣಗಿ ಕೂರುತ್ತದೆ. ವಾಲ್ವ್ ಮುಚ್ಚಿಡಿ, ಮುಕ್ಕಾಲು ತುಂಬುವ ಹೊತ್ತಿಗೆ ಖಾಲಿ ಮಾಡಿ. ಮೊದಲು ಕಕ್ಕಸಿನ ಟ್ಯಾಂಕ್, ಆಮೇಲೆ ಸ್ನಾನ-ಸಿಂಕಿನದು: ಸೋಪಿನ ನೀರು ಹೋಸನ್ನೂ ತೊಳೆಯುತ್ತದೆ. ಗೇಜು ಸದಾ ‘ಫುಲ್’ ತೋರಿಸಿದರೆ ಒಳಗಿನ ಸೆನ್ಸರಿಗೆ ಪೇಪರ್ ಅಂಟಿರಬಹುದು. ಸಾಂಬಾರಿನ ಪಾತ್ರೆಯನ್ನು ನೇರ ಸಿಂಕಿಗೆ ಬಗ್ಗಿಸಬೇಡಿ. ಜಿಡ್ಡು, ಬೇಳೆ, ಕರಿಬೇವು ಎಲ್ಲ ಸೇರಿ ಸಣ್ಣ ಪೈಪನ್ನು ಕಟ್ಟಿಬಿಡುತ್ತವೆ. ಟಿಶ್ಯೂನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ.

ಕಿಂಗ್‌ಮನ್‌ನಲ್ಲಿ ಪವರ್‌ಹೌಸ್ ಕಟ್ಟಡದ ರೂಟ್ 66 ಮ್ಯೂಸಿಯಂ ನೋಡಿ ಅಲ್ಲಿಗೆ ಹಳೆ ರಸ್ತೆ ಬಿಡಿ. ಮುಂದಿನ ಸಿಟ್‌ಗ್ರೀವ್ಸ್ ಘಾಟಿಯಲ್ಲಿ 40 ಅಡಿ ಮೀರಿದ ವಾಹನಕ್ಕೆ ನಿಷೇಧ. ಕಾಗದದ ಮೇಲೆ ನಿಮ್ಮದು ಪಾಸು. ಆದರೆ ಕಿರಿದಾದ ಹೇರ್‌ಪಿನ್ ತಿರುವಿನಲ್ಲಿ ಎದುರಿಗೊಂದು ಗಾಡಿ ಬಂದರೆ ಆ ಬಾಲವನ್ನು ಎಲ್ಲಿಡುತ್ತೀರಿ? ಘಾಟಿಯಾಚೆಯ ಹಳೆ ಗಣಿ ಊರು ಓಟ್‌ಮನ್ ನೋಡಲೇಬೇಕೆಂದರೆ ಐ-40ರಲ್ಲಿ ಟೊಪಾಕ್‌ವರೆಗೆ ಹೋಗಿ, 1ನೇ ಎಕ್ಸಿಟ್‌ನಲ್ಲಿ ಇಳಿದು ಗೋಲ್ಡನ್ ಶೋರ್ಸ್ ಕಡೆಯಿಂದ ಹತ್ತಿ. ಏರು ಅಷ್ಟು ಕಡಿದಲ್ಲ. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಅಲ್ಲಿ ನಡುಬೀದಿಯಲ್ಲೇ ನಿಂತಿರುತ್ತದೆ, ಹಾರ್ನ್‌ಗೆ ಜಗ್ಗುವುದಿಲ್ಲ. ಊರಂಚಿನಲ್ಲೇ ಗಾಡಿ ಬಿಟ್ಟು ನಡೆದುಹೋಗಿ, ವಾಪಸ್ಸೂ ಬಂದ ದಾರಿಯಲ್ಲೇ ಇಳಿಯಿರಿ.