ಮೂರು ಮಳೆಗಾಲ ಕಂಡ ಇಂಡಕ್ಷನ್ ಹೀಟರ್: ತುಕ್ಕು ಕಚ್ಚಿದ ಸೈಲೆನ್ಸರ್ ಬೋಲ್ಟ್ ಬಿಚ್ಚಿದ ಅನುಭವ

ಉಡುಪಿ ಹತ್ತಿರ, ಕಡಲಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಇಲ್ಲಿ ಕಾರು ಇಟ್ಟುಕೊಂಡವರಿಗೆ ಸೈಲೆನ್ಸರ್ ತುಕ್ಕಿನ ಕಥೆ ಹೊಸದಲ್ಲ. ಹೊರಗಿನಿಂದ ಉಪ್ಪುಗಾಳಿ, ಒಳಗಿನಿಂದ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಪೈಪಿಗೆ ಬರುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಆ ಪೈಪ್ ಪೂರ್ತಿ ಬಿಸಿಯಾಗುವುದೇ ಇಲ್ಲ, ನೀರು ಸೈಲೆನ್ಸರಿನ ಹೊಟ್ಟೆಯಲ್ಲೇ ನಿಲ್ಲುತ್ತದೆ. ನಮ್ಮ 2004ರ ಎಸ್ಟೀಮ್‌ಗೆ ಆದದ್ದೂ ಇದೇ.

ಅಪ್ಪ ಕೊಂಡ ಕಾರು, ಮಾರುವ ಮನಸ್ಸಿಲ್ಲ. ಹಾಗಾಗಿ ನಡುವಿನ ಪೈಪ್ ಮತ್ತು ಹಿಂದಿನ ಸೈಲೆನ್ಸರ್ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದ್ದು ಕೂರಿಸೋಣ, ಮನೆಯಲ್ಲೇ ಮಾಡೋಣ ಅಂತ ಹೊರಟೆ. ಹೊಸದನ್ನು ಕೂರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಹಳೆಯದನ್ನು ಬಿಚ್ಚಲು ಮೂರು ಭಾನುವಾರ ಹೋಯಿತು.

ಮೊದಲ ಭಾನುವಾರ 14 ನಂಬರಿನ ರಿಂಗ್ ಸ್ಪ್ಯಾನರಿಗೆ ಎರಡಡಿ ಜಿ.ಐ. ಪೈಪ್ ಸಿಕ್ಕಿಸಿ ಎಳೆದೆ. ಬೋಲ್ಟ್ ಮೆಲ್ಲಗೆ ತಿರುಗಿದ ಹಾಗಾಯಿತು. ಬಿಚ್ಚಿತು ಅಂದುಕೊಂಡೆ. ಅದು ತಿರುಗಿದ್ದಲ್ಲ, ತಿರುಚಿಕೊಂಡದ್ದು. ಇನ್ನೊಂದು ಎಳೆತಕ್ಕೆ ತಲೆ ಕೈಗೆ ಬಂತು, ಉಳಿದದ್ದು ಪೈಪುಗಳನ್ನು ಜೋಡಿಸುವ ಫ್ಲ್ಯಾಂಜಿನಲ್ಲೇ ಕೂತಿತು. ಡ್ರಿಲ್ ಹಾಕಿ ಅದನ್ನು ತೆಗೆಯಲು ಇಡೀ ದಿನ, ಎರಡು ಬಿಟ್ ಖರ್ಚು. ಊರಿನ ಹಳೆಯ ವೆಲ್ಡರ್ ಒಬ್ಬರು ಬಂದು ನೋಡಿ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಬಲ ಹಾಕ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ನಟ್ಟಿಗೆ ಬಿಸಿ ಕೊಡಿ, ಅದೇ ಬಿಡ್ತದೆ." ಅವರು ಗ್ಯಾಸ್ ಟಾರ್ಚ್ ಹಚ್ಚಿ ಎರಡನೆಯ ಬೋಲ್ಟ್ ಬಿಚ್ಚಿ ತೋರಿಸಿದರು. ಆದರೆ ಮಿಕ್ಕ ಬೋಲ್ಟುಗಳ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಪೈಪ್ ಹಾದುಹೋಗುತ್ತಿತ್ತು. ಅಲ್ಲಿ ಬೆಂಕಿ ಹಿಡಿಯಲು ಅವರೂ ಒಪ್ಪಲಿಲ್ಲ, ನನಗೂ ಧೈರ್ಯ ಬರಲಿಲ್ಲ. ಕೈಯಲ್ಲಿ ಹಿಡಿಯುವ ಇಂಡಕ್ಷನ್ ಹೀಟರ್ ಹುಡುಕಿದ್ದು ಆಗ.

ಇದು ನೋಡಲು ದೊಡ್ಡ ಸೋಲ್ಡರಿಂಗ್ ಗನ್ ಇದ್ದ ಹಾಗೆ. 1000 ವ್ಯಾಟ್, ಮನೆಯ ಕರೆಂಟಿಗೆ ಓಡುತ್ತದೆ. ಮುಂದೆ ತಾಮ್ರದ ಸುರುಳಿ. ಅಡುಗೆಮನೆಯ ಇಂಡಕ್ಷನ್ ಒಲೆ ಪಾತ್ರೆಯನ್ನು ಕಾಯಿಸುವ ಹಾಗೆ ಇದು ಸುರುಳಿಯೊಳಗಿನ ನಟ್ಟನ್ನು ಕಾಯಿಸುತ್ತದೆ, ಉರಿ ಇಲ್ಲ. ಜಂಗು ಹಿಡಿದ ನಟ್ಟಿಗೆ ಸುರುಳಿ ತೊಡಿಸಿ ಸ್ವಿಚ್ ಒತ್ತಿದರೆ ಮೊದಲು ಸಣ್ಣಗೆ ಗುಂಯ್ ಅನ್ನುವ ಸದ್ದು. ಹತ್ತು ಸೆಕೆಂಡಿಗೆ ಹೊಗೆ. ಆಮೇಲೆ ತುಕ್ಕಿನ ಹೊಪ್ಪಳಿಕೆ ಪಟಪಟ ಉದುರಿ ಕೆಳಗೆ ಹಾಸಿದ ರಟ್ಟಿನ ಮೇಲೆ ಬೀಳುತ್ತದೆ. ಇಪ್ಪತ್ತು, ಇಪ್ಪತ್ತೈದು ಸೆಕೆಂಡಿಗೆ ನಟ್ಟು ದಾಸವಾಳದ ಒಣಗಿದ ಎಸಳಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಹೊಸಬರು ತಪ್ಪು ಮಾಡುವುದು ಇಲ್ಲೇ. ಕೆಂಪಗಿರುವಾಗಲೇ ತಿರುಗಿಸಿದರೆ ಮೆತ್ತಗಾದ ಬೋಲ್ಟ್ ಮತ್ತೆ ತುಂಡಾಗುತ್ತದೆ. ಕೆಂಪು ಹೋಗುವ ತನಕ ಕಾದು, ಬೋಲ್ಟಿನ ದಾರದ (ಥ್ರೆಡ್) ಬಾಯಿಗೆ ಮೇಣದಬತ್ತಿ ಮುಟ್ಟಿಸಿ. ಮೇಣ ಕರಗಿ ಒಳಗೆ ಹೀರಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. 10 ಮಿ.ಮೀ. ನಟ್ಟು 500 ಡಿಗ್ರಿ ಬಿಸಿಯಾದರೆ ಅದರ ತೂತು ದೊಡ್ಡದಾಗುವುದು 0.06 ಮಿ.ಮೀ. ಮಾತ್ರ, ಒಂದು ಕೂದಲಿನಷ್ಟು. ಆದರೆ ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು. ಆಮೇಲೆ ಸ್ಪ್ಯಾನರ್ ಹಾಕಿ ಮೊದಲು ಒಂದು ಚೂರು ಬಿಗಿ ಮಾಡಿ, ನಂತರ ಸಡಿಲಿಸಿ. ಕಾಲು ಸುತ್ತು ಹಿಂದೆ, ಅರೆಕಾಲು ಮುಂದೆ. ಈ ಲೆಕ್ಕದಲ್ಲಿ ಎಸ್ಟೀಮಿನ ಉಳಿದ ಬೋಲ್ಟುಗಳಲ್ಲಿ ಒಂದೂ ಮುರಿಯಲಿಲ್ಲ. ಆಮೇಲೆ ಭಾವನ ಜಿಪ್ಸಿ, ಪಕ್ಕದ ಮನೆಯ ಆಲ್ಟೊ, ಎರಡು ಬೈಕು ಸೇರಿ ಮೂರು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ನಟ್ಟು ಬಿಚ್ಚಿದ್ದೇನೆ. ಮುರಿದದ್ದು ಎರಡು. ಎರಡೂ ತುಕ್ಕಿಗೆ ಸವೆದು ಪೆನ್ಸಿಲಿನಷ್ಟು ಸಣಕಲಾಗಿದ್ದವು.

ಎಲ್ಲದಕ್ಕೂ ಇದು ಬರುವುದಿಲ್ಲ. ಒಂದರೊಳಗೊಂದು ತೂರಿಸಿದ ಪೈಪ್ ಜೋಡಣೆ ಕಚ್ಚಿದ್ದರೆ 1000 ವ್ಯಾಟ್ ಸಾಲದು. ಅಲ್ಲಿ ನಾನು ಆಂಗಲ್ ಗ್ರೈಂಡರಿನಿಂದ ಹೊರಗಿನ ಪೈಪನ್ನು ಮಾತ್ರ ಉದ್ದಕ್ಕೆ ಸೀಳಿ, ಉಳಿಯಿಂದ ಬಾಯಿ ಬಿಡಿಸುತ್ತೇನೆ. ಸೈಲೆನ್ಸರ್ ತೂಗುಹಾಕುವ ರಬ್ಬರಿಗೆ ಸೋಪಿನ ನೀರೇ ಸಾಕು. ಹೊಗೆಯಲ್ಲಿನ ಆಮ್ಲಜನಕ ಅಳೆಯಲು ಪೈಪಿಗೆ ಹಾಕಿರುವ ಆಕ್ಸಿಜನ್ ಸೆನ್ಸರಿನ ತಲೆಗಂತೂ ಇದನ್ನು ಹಿಡಿಯಲೇಬೇಡಿ, ಸೆನ್ಸರ್ ಹೋಗುತ್ತದೆ. ಎಂಜಿನ್ ಎರಡು ನಿಮಿಷ ಓಡಿಸಿ, ಪೈಪ್ ಬೆಚ್ಚಗಿರುವಾಗ ವೈರಿಗೆ ಜಾಗ ಬಿಟ್ಟು ಸೀಳಿರುವ 22ರ ಸಾಕೆಟ್ ಹಾಕಿ ತಿರುಗಿಸಿ.

ಉರಿ ಇಲ್ಲ ಅಂತ ಮೈಮರೆಯುವ ಹಾಗೂ ಇಲ್ಲ. ಹಿಂದಿನ ರಾತ್ರಿ ಹೊಡೆದ ತುಕ್ಕು ಬಿಡಿಸುವ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿಯೇ ಬಿಸಿ ಕೊಡಬೇಕು, ಕೆಂಪಗಾದ ನಟ್ಟು ಅದಕ್ಕೆ ಕಿಡಿ ಇದ್ದ ಹಾಗೆ. ಬ್ರೇಕ್ ಕ್ಲೀನರ್ ಹೊಡೆದ ಜಾಗವನ್ನು ಕಾಯಿಸಲೇಬಾರದು. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಅನ್ನುವ ವಿಷಗಾಳಿ ಬರುತ್ತದೆ, ಕಾರಿನ ಅಡಿ ಮಲಗಿದವನಿಗೆ ಓಡಲು ದಾರಿ ಇರುವುದಿಲ್ಲ. ಉಂಗುರ, ವಾಚು ಬಿಚ್ಚಿಡಿ, ಸುರುಳಿಯ ಹತ್ತಿರ ಬಂದರೆ ಉಂಗುರವೂ ಕಾಯುತ್ತದೆ. ಪೇಸ್‌ಮೇಕರ್ ಇರುವವರು ಹತ್ತಿರವೂ ಬರಬಾರದು. ನಾನು ಕೆಲಸ ಶುರು ಮಾಡಿದರೆ ಅಪ್ಪ ಜಗಲಿಯಲ್ಲೇ ಕೂರುತ್ತಾರೆ. ಕಾರು ನಿಲ್ಲಬೇಕಾದದ್ದು ಜಾಕ್ ಸ್ಟ್ಯಾಂಡಿನ ಮೇಲೆ. ಕೆಂಪುಕಲ್ಲು ಪೇರಿಸಿ ಅದರಡಿ ನುಗ್ಗುವವರನ್ನು ನಮ್ಮೂರಲ್ಲಿ ಈಗಲೂ ನೋಡುತ್ತೇನೆ, ದಯವಿಟ್ಟು ಬೇಡ.

ಉಪಕರಣದ ಕುಂದುಗಳೂ ಇವೆ. ಸುರುಳಿಯ ಮೇಲಿನ ಬಿಳಿ ಹೊದಿಕೆ ಐದೇ ತಿಂಗಳಿಗೆ ಸುಟ್ಟು ಎಳೆಎಳೆಯಾಯಿತು. ಸುರುಳಿ ನಟ್ಟಿಗೆ ತಾಗದ ಹಾಗೆ ಹಿಡಿಯುವುದು ಕಲಿತ ಮೇಲೆ ಎರಡನೆಯದು ಒಂದೂವರೆ ವರ್ಷ ಬಂತು. ಎರಡು ನಿಮಿಷ ಓಡಿಸಿದರೆ ಎರಡು ನಿಮಿಷ ಬಿಡುವು ಬೇಕು. ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗ ತಾನೇ ನಿಂತುಬಿಡುತ್ತದೆ. ಎರಡನೆಯ ವರ್ಷ ಸ್ವಿಚ್ ಹೋದಾಗ ಮಾರಿದವರಿಂದ ಉತ್ತರವೇ ಬರಲಿಲ್ಲ, ಮಿಕ್ಸಿ ರಿಪೇರಿಯವರ ಹತ್ತಿರ 150 ರೂಪಾಯಿಗೆ ಹಾಕಿಸಿದೆ. ಅದು ಇನ್ನೂ ಚೆನ್ನಾಗಿದೆ.

ವರ್ಷಕ್ಕೊಂದು ಬೋಲ್ಟ್ ಬಿಚ್ಚುವವರಿಗೆ ಇದು ಬೇಡ, ಗ್ಯಾರೇಜಿಗೆ ಹೋಗಿ. ಕರಾವಳಿಯಲ್ಲಿದ್ದು, ಹಳೆಯ ಗಾಡಿ ಇಟ್ಟುಕೊಂಡು, ಸ್ವಂತ ಕೈಯಲ್ಲಿ ಕೆಲಸ ಮಾಡುವವರು ಧಾರಾಳವಾಗಿ ಕೊಳ್ಳಬಹುದು. ಆದರೆ ಬಿಚ್ಚಿದ್ದೇ ಸಲೀಸಾಯಿತು ಅಂತ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ತೆಗೆದು ಬರೀ ಪೈಪ್ ಹಾಕಬೇಡಿ. ನನ್ನ ಕಾರಿನಲ್ಲಿ ಅದು ಇದ್ದಲ್ಲೇ ಇದೆ, ಸದ್ದೂ ಮೊದಲಿನಷ್ಟೇ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಶಬ್ದ ಮತ್ತು ಹೊಗೆಯ ನಿಯಮ ಮೀರಿದ ಗಾಡಿಗೆ 10,000 ರೂಪಾಯಿವರೆಗೆ ದಂಡವಿದೆ, ಮೂರು ತಿಂಗಳವರೆಗೆ ಜೈಲೂ ಇದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಓಣಿಯಲ್ಲಿ ಮಕ್ಕಳು ಮಲಗಿರುತ್ತಾರೆ.

ಹೊಸ ಬೋಲ್ಟ್ ಹಾಕುವಾಗ ದಾರಕ್ಕೆ ಬೋಲ್ಟ್ ಕಚ್ಚದ ಹಾಗೆ ತಡೆಯುವ, ತಾಮ್ರದ ಪುಡಿ ಇರುವ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಸವರಿದ್ದೆ. ಕಳೆದ ತಿಂಗಳು ಗ್ಯಾಸ್ಕೆಟ್ ಬದಲಿಸಲು ಅವನ್ನೇ ಬಿಚ್ಚಿದೆ. 14ರ ಸ್ಪ್ಯಾನರ್ ಸಾಕಾಯಿತು, ಹೀಟರ್ ಪೆಟ್ಟಿಗೆಯಲ್ಲೇ ಇತ್ತು.